ಗೆಳೆಯನ ಅಂಗಳದಲ್ಲಿ ಡೇರೆ

ದೂರದ ಪ್ರವಾಸಕ್ಕೆ ಹೊರಟವನು ದಾರಿಯಲ್ಲಿ ಸಿಕ್ಕುವ ಹಳೆಯ ಗೆಳೆಯನನ್ನು ಕಂಡು ಮುಂದೆ ಹೋಗುವುದು ಬಲು ಸಹಜವಾದ ಕೆಲಸವೆಂದೇ ನಾನು ತಿಳಿದಿದ್ದೆ. ಜಾನ್ ಸ್ಟೈನ್‌ಬೆಕ್‌ನ ‘ಟ್ರಾವೆಲ್ಸ್ ವಿತ್ ಚಾರ್ಲಿ’ಯನ್ನು ಈಚೆಗೆ ಎರಡನೆಯ ಸಲ ಓದಿದ ಮೇಲೆ ಆ ತಿಳಿವಳಿಕೆ ಅಲುಗಾಡಿದೆ. ಮೊದಲ ಸಲ ಓದಿದಾಗ ಅದರಲ್ಲಿನ ನಾಯಿಯೇ ನನ್ನ ಮನಸ್ಸನ್ನೆಲ್ಲ ಸೆಳೆದುಬಿಟ್ಟಿತ್ತು. ಈ ಸಲ ಹಾಗಾಗಲಿಲ್ಲ.

1960ರ ಸೆಪ್ಟೆಂಬರಿನಲ್ಲಿ, ತನ್ನ 58ನೆಯ ವಯಸ್ಸಿನಲ್ಲಿ, ಸ್ಟೈನ್‌ಬೆಕ್ ನ್ಯೂಯಾರ್ಕಿನ ಬಳಿಯ ಲಾಂಗ್ ಐಲೆಂಡಿನಿಂದ ಅಮೆರಿಕವನ್ನು ಸುತ್ತಿ ನೋಡಲು ಹೊರಟ. ಟ್ರಕ್ಕಿನ ಬೆನ್ನಮೇಲೆ ಹಾಸಿಗೆ, ಒಲೆಗಳುಳ್ಳ ಒಂದು ಪುಟ್ಟ ಮನೆ. ಆ ಗಾಡಿಗೆ ಡಾನ್ ಕ್ವಿಕ್ಸೋಟನ ಬಡಕುದುರೆಯ ಹೆಸರು, ರೋಸಿನಾಂಟೆ. ಜೊತೆಗೆ ಚಾರ್ಲಿ ಎಂಬ ಮುದಿ ನಾಯಿ. ಸುಮಾರು 10,000 ಮೈಲಿಗಳ ಈ ಪ್ರವಾಸದ ಕಥನ 1962ರಲ್ಲಿ ಅಚ್ಚಾಯಿತು. ಆತನಿಗೆ ನೊಬೆಲ್ ಬಹುಮಾನ ಬಂದುದೂ ಅದೇ ವರ್ಷ.

ಆ ಗಾಡಿಮನೆಯಲ್ಲಿ ಆತ ಎಂಥ ಅತಿಥೇಯನಾಗಿದ್ದನೆಂಬುದನ್ನು ಮೇಯ್ನ್ ಪ್ರಾಂತದ ಭಾಗದಲ್ಲಿ ನೋಡಬೇಕು. ಆಲೂಗಡ್ಡೆ ಕೀಳಲು ಕೆನಡದಿಂದ ಬಂದಿದ್ದ ಕೂಲಿಗಳ ಕುಟುಂಬವೊಂದನ್ನು ಒಳಗೆ ಕರೆದು, ಕೂಡಿಸಿ, ಜೋಪಾನವಾಗಿಟ್ಟಿದ್ದ ಹಳೆಯ ಬ್ರಾಂದಿಯನ್ನು ಅವರೊಡನೆ ಹಂಚಿಕೊಳ್ಳುತ್ತಾನೆ. ಗುರುತಿಲ್ಲದವರ ಮುಂದೆ ಆತನ ಹೃದಯ ಹೂವಿನಂತೆ ಅರಳುತ್ತದೆ.

ಇದೇ ಮನುಷ್ಯ ಪಡುವಣ ಕಡಲ ತೀರದ ಮಾಂಟೆರೆಗೆ, ತನ್ನ ಯೌವನದ ಊರಿಗೆ, ಬಂದಾಗ ಏನಾಗುತ್ತದೆ? ಹಳೆಯ ಗೆಳೆಯ ಜಾನಿ ಗಾರ್ಸಿಯಾನ ಪಾನಗೃಹದಲ್ಲಿ ಅಪ್ಪುಗೆ, ಕಣ್ಣೀರು, ಅರೆಮರೆತ ಸ್ಪ್ಯಾನಿಷ್ ಮಾತು, ಎಲ್ಲವೂ ಆಗುತ್ತದೆ. ಇದು ನಿನ್ನ ಮನೆ, ಹಿಂದಿರುಗಿ ಬಾ ಎಂದು ಜಾನಿ ಅಂಗಲಾಚುತ್ತಾನೆ. ಸ್ಟೈನ್‌ಬೆಕ್ ಹಳೆಯ ಸಂಗಾತಿಗಳ ಹೆಸರನ್ನು ಒಂದೊಂದಾಗಿ ಎತ್ತಿ ಎಲ್ಲಿ ಅವರೆಲ್ಲ ಎಂದು ಕೇಳುತ್ತಾನೆ. ಬರುವ ಉತ್ತರ ಸಾವೊಂದೇ. ಆತನ ಜೀವದ ಗೆಳೆಯ ಎಡ್ ರಿಕೆಟ್ಸ್ 1948ರಲ್ಲಿಯೇ, ಕಾರಿಗೆ ರೈಲು ಬಡಿದು, ತೀರಿಕೊಂಡಿದ್ದ. ಸಾರ್ಡೀನ್ ಮೀನಿನ ಕಾರ್ಖಾನೆಗಳಿಂದ ಗಿಜಿಗುಟ್ಟುತ್ತಿದ್ದ ಬೀದಿಗೆ 1958ರಲ್ಲಿ ಆತನ ಕಾದಂಬರಿಯ ಹೆಸರನ್ನೇ, ‘ಕ್ಯಾನರಿ ರೋ’ ಎಂದೇ, ಇಟ್ಟಿದ್ದರು. ಆ ವೇಳೆಗೆ ಮೀನೂ ಇರಲಿಲ್ಲ, ಕೆಲಸವೂ ಇರಲಿಲ್ಲ. ತಾನೂ ಇಲ್ಲಿ ಒಂದು ಪ್ರೇತವೇ ಎಂದುಕೊಂಡು ಸ್ಟೈನ್‌ಬೆಕ್ ಹೊರಟುಬಿಡುತ್ತಾನೆ. ಫ್ರೀಮಾಂಟ್ ಶಿಖರವನ್ನೇರಿ, ಹುಟ್ಟಿದ ಸೀಮೆಯನ್ನು ಎತ್ತರದಿಂದೊಮ್ಮೆ ನೋಡಿ, ಗಾಡಿಯನ್ನು ಮುಂದಕ್ಕೆ ಬಿಡುತ್ತಾನೆ. ಮರಳಿ ಮನೆಗೆ ಹೋಗಲಾಗದು ಎಂಬರ್ಥದ ಹೆಸರನ್ನು ಥಾಮಸ್ ವುಲ್ಫ್ ತನ್ನ ಕಾದಂಬರಿಗೆ ಇಟ್ಟಿದ್ದನಷ್ಟೆ; ಆ ಮಾತು ಸ್ಟೈನ್‌ಬೆಕ್‌ನಿಗೆ ಒಳ್ಳೆಯ ಆಸರೆಯಾಯಿತು.

ಈ ಪುಸ್ತಕದಲ್ಲಿ ಕಲ್ಪನೆ ಬಹಳವುಂಟು ಎಂಬ ಆಕ್ಷೇಪ ನನಗೆ ಗೊತ್ತಿದೆ. ಬಿಲ್ ಸ್ಟೈಗರ್‌ವಾಲ್ಡ್ ಎಂಬ ಪತ್ರಕರ್ತ 2010ರಲ್ಲಿ ಅದೇ ದಾರಿ ಹಿಡಿದು ಹೋಗಿ, ಸ್ಟೈನ್‌ಬೆಕ್ ಗಾಡಿಯಲ್ಲಿ ಮಲಗಿದ ರಾತ್ರಿಗಳಿಗಿಂತ ಹೋಟೆಲುಗಳಲ್ಲಿ, ಹೆಂಡತಿಯ ಜೊತೆಯಲ್ಲಿ ಕಳೆದ ರಾತ್ರಿಗಳೇ ಹೆಚ್ಚು ಎಂದು ವಾದಿಸಿದ. ಇರಲಿ. ಲೇಖಕ ಮಾತುಗಳನ್ನು ಕಟ್ಟಿದನೆಂದು ನಾನು ಮುನಿಯಲಾರೆ. ನನ್ನ ತಕರಾರು ಬೇರೆ. ಆ ಸತ್ತವರ ಪಟ್ಟಿಯನ್ನು ಸ್ಟೈನ್‌ಬೆಕ್ ಒಂದು ಸಂಜೆಯಲ್ಲಿ ಕೇಳಿ ಮುಗಿಸಿದ. ಜಾನಿಯಾದರೋ ಅಲ್ಲಿಯೇ ಇದ್ದವನು, ಆ ಸಾವುಗಳ ನಡುವೆಯೇ ಬಾಳಿದವನು. ಮನೆಗೆ ಮರಳಲಾಗದೆಂಬ ಮಾತನ್ನು ಬಿಟ್ಟುಹೋದವರು ಎಷ್ಟು ಸೊಗಸಾಗಿ ಆಡುತ್ತಾರೆ! ಉಳಿದವನನ್ನು ಕೇಳಿದವರು ಯಾರು?

ಇಷ್ಟು ಖಾರವಾಗಿ ಬರೆಯುವ ಅಧಿಕಾರ ನನಗಿದೆಯೇ ಎಂದರೆ, ಇಲ್ಲ. ಎರಡು ವರ್ಷದ ಹಿಂದೆ ದಸರಾ ರಜೆಯಲ್ಲಿ, ನನ್ನ ಇಬ್ಬರು ಹಳೆಯ ವಿದ್ಯಾರ್ಥಿಗಳ ಒತ್ತಾಯಕ್ಕೆ ಕಟ್ಟುಬಿದ್ದು, ಕಾರಿನಲ್ಲಿ ಡೇರೆ, ಒಲೆಗಳನ್ನು ಹೇರಿಕೊಂಡು ಮೈಸೂರಿನಿಂದ ಜಮ್ಮುವಿನವರೆಗೆ ಹೋಗಿ ಬಂದೆ. ಬೆಂಗಳೂರಿನಿಂದ ಮುಂದಕ್ಕೆ 44ನೆಯ ರಾಷ್ಟ್ರೀಯ ಹೆದ್ದಾರಿ. ಹೈದರಾಬಾದನ್ನು ದಾಟಿ ನಾಗಪುರ ಸೇರುವ ಮೊದಲು, ಹತ್ತಿಯ ಸೀಮೆಯಲ್ಲಿ, ಹಿಂಗಣಘಾಟ್ ಸಿಕ್ಕುತ್ತದೆ. ಮಾನಸಗಂಗೋತ್ರಿಯಲ್ಲಿ ಎರಡು ವರ್ಷ ನನ್ನ ಕೋಣೆಯಲ್ಲಿದ್ದ ಗೆಳೆಯನೊಬ್ಬ ಅಲ್ಲಿ ಬ್ಯಾಂಕಿನ ನೌಕರಿಯಲ್ಲಿದ್ದಾನೆ. ಅವನಿಗೆ ಮೊದಲೇ ತಿಳಿಸಿದ್ದೆ: ಒಂದೇ ರಾತ್ರಿ ಇರುತ್ತೇವೆ, ಅಂಗಳದಲ್ಲಿ ಡೇರೆ ಹಾಕಿಕೊಳ್ಳುತ್ತೇವೆ, ನಿಮಗೇನೂ ತೊಂದರೆ ಬೇಡ. ಈ ಸೌಜನ್ಯದ ಬಗ್ಗೆ ನನಗೆ ಒಳಗೊಳಗೇ ಹೆಮ್ಮೆಯೂ ಇತ್ತು.

ಹೋಗಿ ನೋಡಿದರೆ ನಡುಮನೆಯಲ್ಲಿ ಮೂರು ಹಾಸಿಗೆ ಹಾಸಿಟ್ಟಿದ್ದರು. ಹುಡುಗರಿಗೆ ಡೇರೆಯ ಉತ್ಸಾಹ. ನಾನೂ ಅವರೊಡನೆ ಅಂಗಳದಲ್ಲಿಯೇ ಉಳಿದೆ. ಊಟದ ಹೊತ್ತಿನಲ್ಲಿ, “ಅಮ್ಮ ಹೇಗಿದ್ದಾರೆ?” ಎಂದೆ. ಹಾಸ್ಟೆಲಿಗೆ ನಮ್ಮಿಬ್ಬರ ಪಾಲಿಗೂ ಸೇರಿಸಿ ಚಟ್ನಿಪುಡಿ ಕಳಿಸುತ್ತಿದ್ದ ತಾಯಿ ಆಕೆ. ಅವನು ಬಡಿಸುವ ಕೈಯನ್ನು ನಿಲ್ಲಿಸದೆ, “ಹೋಗಿ ಮೂರು ವರ್ಷವಾಯಿತು” ಎಂದ. ರಾತ್ರಿ ಎಲ್ಲರೂ ಮಲಗಿದ ಮೇಲೆ ಬಂದು ಡೇರೆಯ ಹೊರಗೆ ಕಲ್ಲಿನ ಮೇಲೆ ಕುಳಿತ. ಬಹಳ ಹೊತ್ತು ಏನೇನೋ ಮಾತಾಡಿದೆವು. ಏಳುವಾಗ ನಗುತ್ತಲೇ, “ನಮ್ಮ ಮನೆಯೊಳಗೆ ಬರಬೇಕಾದೀತೆಂದು ಮನೆಯನ್ನೇ ಕಟ್ಟಿಕೊಂಡು ಬಂದಿದ್ದೀಯಲ್ಲ” ಎಂದ. ಬೆಳಿಗ್ಗೆ ಐದಕ್ಕೆ ನಾವು ಹೊರಟೆವು. ಆ ದಿನವೇ ಸಾಗರವನ್ನು ಮುಟ್ಟಬೇಕಾಗಿತ್ತು.

ತೊಂದರೆ ಕೊಡಬಾರದೆಂಬುದು ಈ ಕಾಲದ ದೊಡ್ಡ ಶಿಷ್ಟಾಚಾರವಾಗಿದೆ. ನಮ್ಮ ಹಿಂದಿನವರು ಅತಿಥಿಯೆಂದರೆ ತಿಥಿಯನ್ನು ನೋಡದೆ ಬರುವವನು ಎಂದು ಅರ್ಥ ಹೇಳುತ್ತಿದ್ದರು. ನಾನು ತಿಥಿಯನ್ನು, ಗಂಟೆಯನ್ನು ಗೊತ್ತುಮಾಡಿಕೊಂಡು, ಹಾಸಿಗೆ ಒಲೆಗಳ ಸಮೇತ ಹೋಗಿದ್ದೆ. ಅವನಿಂದ ನನಗೆ ಏನೂ ಬೇಕಾಗಿಲ್ಲವೆಂಬುದನ್ನು ಅಂಗಳದಲ್ಲಿ ಗೂಟ ಹೊಡೆದು ತೋರಿಸಿದ್ದೆ. ಸ್ನೇಹಿತನಿಗೆ ಇದಕ್ಕಿಂತ ಹೆಚ್ಚಿನ ತೊಂದರೆ ಇನ್ನೇನಿದ್ದೀತು? ಸ್ಟೈನ್‌ಬೆಕ್‌ನಿಗಾದರೂ ಪ್ರೇತವಾಗುವ ಭಯವಿತ್ತು. ನನಗೆ ಇದ್ದುದು ಸಾಗರವನ್ನು ಮುಟ್ಟುವ ಆತುರ ಮಾತ್ರ.

ಮೊನ್ನೆ ಗೆಳೆಯನಿಗೆ ಕಾಗದ ಬರೆದೆ. ಈ ಸಲ ರೈಲಿನಲ್ಲಿ, ಒಬ್ಬನೇ ಬರುತ್ತೇನೆ, ಹಿಂದಿರುಗುವ ಟಿಕೆಟ್ ಇನ್ನೂ ಕೊಂಡಿಲ್ಲ ಎಂದು ತಿಳಿಸಿದ್ದೇನೆ. ರಾತ್ರಿ ಚಳಿಯಾದರೆ ಹೊದೆಯಲು ನೀನೇ ಏನಾದರೂ ಕೊಡಬೇಕು ಎಂದು ಕೊನೆಯಲ್ಲಿ ಸೇರಿಸಿದೆ.