ಮನೆಗೆ ದುಡ್ಡುಂಟು, ನೆಲದ ಹಕ್ಕುಪತ್ರ ಎಲ್ಲಿ?

ಪಿಎಂ ಜನಮನ್ ಯೋಜನೆಗೆ 2023ರ ನವೆಂಬರ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿದ ಮೊತ್ತ 24,104 ಕೋಟಿ ರೂಪಾಯಿ. ದೇಶದ 75 ದುರ್ಬಲ ಬುಡಕಟ್ಟುಗಳಿಗೆ 4.90 ಲಕ್ಷ ಮನೆ, 8,000 ಕಿ.ಮೀ. ರಸ್ತೆ, ಜೊತೆಗೆ ನೀರು, ವಿದ್ಯುತ್, ಅಂಗನವಾಡಿ. ಕರ್ನಾಟಕದಿಂದ ಈ ಪಟ್ಟಿಯಲ್ಲಿರುವವರು ಜೇನುಕುರುಬರು ಮತ್ತು ಕೊರಗರು. 2011ರ ಜನಗಣತಿಯಲ್ಲಿ ಎರಡೂ ಸಮುದಾಯ ಸೇರಿ ಐವತ್ತು ಸಾವಿರದ ಆಸುಪಾಸು. ಇಷ್ಟು ಜನಕ್ಕೆ ಸೂರು ಒದಗಿಸಲು ಸರ್ಕಾರದ ಬಳಿ ಹಣವಿಲ್ಲ ಎಂದರೆ ಯಾರೂ ನಂಬುವುದಿಲ್ಲ. ತೊಡಕು ಇರುವುದು ನೆಲದಲ್ಲಿ.

ಎಚ್.ಡಿ. ಕೋಟೆ, ಹುಣಸೂರು, ಪಿರಿಯಾಪಟ್ಟಣ ಮತ್ತು ಕೊಡಗಿನ ಹಲವು ಹಾಡಿಗಳು, ಅಂದರೆ ಬುಡಕಟ್ಟು ಜನರ ವಸತಿಗಳು, ಅರಣ್ಯ ಇಲಾಖೆಯ ನಕ್ಷೆಯೊಳಗಿವೆ. ಅಲ್ಲಿ ಅಡಿಪಾಯ ತೋಡಲು ಹೊರಟರೆ ಮೊದಲ ಪ್ರಶ್ನೆ: ಜಾಗ ಯಾರದ್ದು? 2006ರ ಅರಣ್ಯ ಹಕ್ಕು ಕಾಯ್ದೆ ಶಾಲೆ, ಕುಡಿಯುವ ನೀರಿನ ಪೈಪು, ವಿದ್ಯುತ್ ತಂತಿ, ರಸ್ತೆ ಸೇರಿ 13 ಬಗೆಯ ಸೌಕರ್ಯಗಳಿಗೆ ಗ್ರಾಮಸಭೆಯ ಶಿಫಾರಸಿನ ಮೇಲೆ ಒಂದು ಹೆಕ್ಟೇರ್‌ಗಿಂತ ಕಡಿಮೆ ಅರಣ್ಯ ಜಮೀನು ಬಿಟ್ಟುಕೊಡಲು ಅವಕಾಶ ಕೊಟ್ಟಿದೆ. ಆ ಪಟ್ಟಿಯಲ್ಲಿ ವಾಸದ ಮನೆ ಇಲ್ಲ. ಮನೆ ಬೇಕೆಂದರೆ ಕುಟುಂಬದ ಹೆಸರಿಗೆ ವೈಯಕ್ತಿಕ ಹಕ್ಕುಪತ್ರ ಆಗಬೇಕು. ಅದಕ್ಕೆ ಅರ್ಜಿ, ಜಿಪಿಎಸ್ ಸರ್ವೆ, ಉಪವಿಭಾಗ ಸಮಿತಿ, ಜಿಲ್ಲಾ ಸಮಿತಿ. ಹೀಗಾಗಿ ಮನೆ ಮಂಜೂರು ಮಾಡುವ ಇಲಾಖೆ ಒಂದು ಕಡೆ ಗುರಿ ಮುಟ್ಟಿಸಲು ಓಡುತ್ತಿದ್ದರೆ, ಅದಕ್ಕೆ ಬೇಕಾದ ಕಾಗದ ಇನ್ನೊಂದು ಇಲಾಖೆಯ ಕಡತದಲ್ಲಿ ತಣ್ಣಗೆ ಕೂತಿರುತ್ತದೆ.

ಕೊಡಗಿನ ಕಥೆ ಇನ್ನೂ ಬಿಕ್ಕಟ್ಟಿನದು. ಕಾಫಿ ತೋಟದ ಲೈನ್ ಮನೆಗಳಲ್ಲಿ ತಲೆಮಾರುಗಟ್ಟಲೆ ಬಾಳಿದವರಿಗೆ ಹಾಡಿಯೂ ಇಲ್ಲ, ಹಕ್ಕು ಕೇಳಲು ಸಾಗುವಳಿಯೂ ಇಲ್ಲ. ಕೆಲಸ ಬಿಟ್ಟರೆ ಮನೆಯೂ ಬಿಡಬೇಕು. 2016ರ ಡಿಸೆಂಬರ್‌ನಲ್ಲಿ ದಿಡ್ಡಳ್ಳಿಯಲ್ಲಿ ಅರಣ್ಯ ಇಲಾಖೆ ನೆಲಸಮ ಮಾಡಿದ ನೂರಾರು ಗುಡಿಸಲುಗಳಲ್ಲಿ ಇಂಥವರೂ ಇದ್ದರು. ದೊಡ್ಡ ಹೋರಾಟದ ಬಳಿಕ ಬಸವನಹಳ್ಳಿ, ಬ್ಯಾಡಗೊಟ್ಟದಲ್ಲಿ ನಿವೇಶನ ಕೊಟ್ಟರು. ಸರ್ಕಾರಕ್ಕೆ ಜಾಗ ಕಾಣಿಸಿದ್ದು ಬುಲ್ಡೋಜರ್ ಬಂದು ಹೋದ ಮೇಲೆ, ಅದಕ್ಕೂ ಮುಂಚೆ ಅಲ್ಲ ಎಂಬುದನ್ನು ಅಧಿಕಾರಿಗಳು ನೆನಪಿಟ್ಟುಕೊಂಡರೆ ಒಳ್ಳೆಯದು. ನಾಗರಹೊಳೆಯಿಂದ ಹೊರಬಿದ್ದವರ ಸ್ಥಿತಿ ನೋಡಲು ಹೈಕೋರ್ಟ್ ನೇಮಿಸಿದ್ದ ಪ್ರೊ. ಮುಜಾಫರ್ ಅಸಾದಿ ಸಮಿತಿ 2014ರಲ್ಲೇ ವರದಿ ಕೊಟ್ಟು, 3,418 ಕುಟುಂಬಗಳನ್ನು ಗುರುತಿಸಿತ್ತು. ಪಟ್ಟಿ ಕೈಯಲ್ಲಿದ್ದೂ ಹೊಸದಾಗಿ ಸಮೀಕ್ಷೆ ಮಾಡುವುದರಲ್ಲಿ ನಮ್ಮ ಆಡಳಿತಕ್ಕೆ ಅದೇನು ಖುಷಿಯೋ!

ಹಕ್ಕುಪತ್ರ ಸಿಕ್ಕಿದರೂ ಲೆಕ್ಕ ಸರಿಹೋಗುವುದಿಲ್ಲ. 2023ರ ಮಂಜೂರಾತಿಯ ಲೆಕ್ಕದಲ್ಲಿ ಜನಮನ್ ಮನೆಗೆ ಎರಡು ಲಕ್ಷ ರೂಪಾಯಿ, ಶೌಚಾಲಯದ 12 ಸಾವಿರ ಮತ್ತು ನರೇಗಾ ಕೂಲಿ ಸೇರಿದರೆ 2.39 ಲಕ್ಷ. ಸಿಮೆಂಟು, ಕಬ್ಬಿಣಕ್ಕೆ ಪೇಟೆಯ ಬೆಲೆ. ಲಾರಿ ಹೋಗದ ಹಾಡಿಗೆ ಜಲ್ಲಿ, ಮರಳನ್ನು ಡಾಂಬರು ರಸ್ತೆಯಲ್ಲಿ ಸುರಿದು, ಅಲ್ಲಿಂದ ಟ್ರ್ಯಾಕ್ಟರ್ ಇಲ್ಲವೇ ತಲೆಹೊರೆ. ಮುಂದಿನ ಕಂತು ಬರಬೇಕಾದರೆ ಅಡಿಪಾಯದ ಫೋಟೊ, ಲಿಂಟಲ್ ಫೋಟೊ ಆಗಬೇಕು. ಕಂತು ಬರುವವರೆಗೆ ಮೇಸ್ತ್ರಿಗೆ ಬಟವಾಡೆ ಯಾರು ಕೊಡುತ್ತಾರೆ? ದಿನಗೂಲಿಯ ಕುಟುಂಬ ತೋಟದ ಮಾಲೀಕನ ಬಳಿ ಮುಂಗಡ ಕೇಳುತ್ತದೆ, ಅಲ್ಲಿಗೆ ಮತ್ತೆ ಲೈನ್ ಮನೆಯ ಋಣ. ಗುತ್ತಿಗೆದಾರರನ್ನು ತರಬಾರದು ಎಂಬ ನಿಯಮ ಕಾಗದದಲ್ಲಿ ಚೆಂದ. ಕೈಯಲ್ಲಿ ಕಾಸಿಲ್ಲದವರ ಅಂಗಳಕ್ಕೆ ಗುತ್ತಿಗೆದಾರ ತಾನಾಗಿಯೇ ಬಂದು ನಿಲ್ಲುತ್ತಾನೆ.

ಸಾಗಣೆ ವೆಚ್ಚವನ್ನು ರಾಜ್ಯ ತನ್ನ ಗಿರಿಜನ ಉಪಯೋಜನೆಯಿಂದ ಪ್ರತ್ಯೇಕವಾಗಿ ಭರಿಸಬಹುದು. ಪ್ರತಿ ತಾಲ್ಲೂಕಿಗೆ ಸರ್ವೆಯರ್‌ಗಳನ್ನು ಈ ಕೆಲಸಕ್ಕೆಂದೇ ಬಿಟ್ಟು, ಹಕ್ಕುಪತ್ರ ಮೊದಲು, ಮಂಜೂರಾತಿ ಆಮೇಲೆ ಎಂಬ ಕ್ರಮ ತರಬಹುದು. ಮನೆಯ ವಿನ್ಯಾಸವನ್ನು ಹಾಡಿಯವರೇ ಹೇಳಲಿ. 25 ಚದರ ಮೀಟರ್ ಕಾಂಕ್ರೀಟ್ ಪೆಟ್ಟಿಗೆಯಲ್ಲಿ ಸೌದೆ ಒಲೆ ಎಲ್ಲಿಡುವುದು ಎಂದು ಕೇಳುವ ಹೆಂಗಸಿಗೆ ಎಂಜಿನಿಯರ್ ಉತ್ತರಿಸಬೇಕು.

ಕರಾವಳಿಯ ಕೊರಗರಿಗೆ ಅರಣ್ಯದ ತಕರಾರು ಅಷ್ಟಿಲ್ಲ, ಆದರೆ ಅವರ ಕಾಲನಿಗಳೆಂದರೆ ಕೆಲವೇ ಸೆಂಟ್ಸ್ ಜಾಗ. ಮಕ್ಕಳಿಗೆ ಮದುವೆಯಾದರೆ ಇನ್ನೊಂದು ಗೋಡೆ ಎಬ್ಬಿಸಲು ಎಡೆಯಿಲ್ಲ. ಕುಟುಂಬಕ್ಕೆ ಎರಡೂವರೆ ಎಕರೆ ಕೃಷಿಭೂಮಿ ಕೊಡಿ ಎಂದು ಕೊರಗರ ಬದುಕಿನ ಅಧ್ಯಯನ ಮಾಡಿದ ಡಾ. ಮೊಹಮ್ಮದ್ ಪೀರ್ ವರದಿ ಹೇಳಿ ಮೂವತ್ತು ವರ್ಷ ದಾಟಿತು. 2024ರ ಅಕ್ಟೋಬರ್‌ನಲ್ಲಿ ಬುಡಕಟ್ಟು ಹಳ್ಳಿಗಳಿಗೆಂದು ಕೇಂದ್ರ ಆರಂಭಿಸಿದ ಧರ್ತಿ ಆಬಾ ಅಭಿಯಾನದ 79 ಸಾವಿರ ಕೋಟಿಯನ್ನೂ ಸೇರಿಸಿ ಲೆಕ್ಕ ಹಾಕುವ ಪ್ರಗತಿ ಪರಿಶೀಲನಾ ಸಭೆಗಳಲ್ಲಿ, ಆ ಎರಡೂವರೆ ಎಕರೆ ಎಷ್ಟು ಮನೆಗೆ ಸಿಕ್ಕಿತು ಎಂಬ ಕಾಲಂ ಕೂಡ ಇರಲಿ.