ಅಜ್ಜಿಯನ್ನು ಕೇಳಿ ಬರೆಯುವ ಪರೀಕ್ಷೆ

ಪ್ರಾಜೆಕ್ಟ್ ಅಂದ ಕೂಡಲೇ ನಮ್ಮಲ್ಲಿ ನೆನಪಾಗುವುದು ಥರ್ಮೋಕೋಲು, ಸ್ಕೆಚ್ ಪೆನ್ನು, ರಾತ್ರಿ ಹತ್ತು ಗಂಟೆಗೆ ಸ್ಟೇಷನರಿ ಅಂಗಡಿಯ ಷಟರ್ ತಟ್ಟುವ ಅಪ್ಪ. ಹೈಸ್ಕೂಲಿನಲ್ಲಿ ನಾನೂ ನಮ್ಮೂರ ಜಾತ್ರೆಯ ಮೇಲೆ ಹನ್ನೆರಡು ಪುಟ ಬರೆದು ಒಳ್ಳೆಯ ಅಂಕ ಗಿಟ್ಟಿಸಿದ್ದೆ. ತೇರು ಎಳೆಯುವ ಒಬ್ಬರನ್ನೂ ಮಾತಾಡಿಸಿರಲಿಲ್ಲ.

ಆಸ್ಟ್ರೇಲಿಯದ ನ್ಯೂ ಸೌತ್ ವೇಲ್ಸ್ ರಾಜ್ಯದಲ್ಲಿ ಈ ಜಾಣತನ ನಡೆಯುವುದಿಲ್ಲ. ಅಲ್ಲಿ ಹನ್ನೆರಡನೇ ತರಗತಿಯ ಕೊನೆಗೆ ಬರುವುದು ಎಚ್‌ಎಸ್‌ಸಿ ಪರೀಕ್ಷೆ. ಅದರಲ್ಲಿ ‘ಸೊಸೈಟಿ ಅಂಡ್ ಕಲ್ಚರ್’ ಎಂಬ ವಿಷಯ ಆರಿಸಿಕೊಂಡವರು ಸ್ವಂತವಾಗಿ ಒಂದು ಸಂಶೋಧನೆ ಮಾಡಿ ಒಪ್ಪಿಸಬೇಕು. ಹೆಸರು ‘ಪರ್ಸನಲ್ ಇಂಟರೆಸ್ಟ್ ಪ್ರಾಜೆಕ್ಟ್’, ಮಕ್ಕಳ ಬಾಯಲ್ಲಿ ‘ಪಿಪ್’. ಬೋರ್ಡಿನ 100 ಅಂಕಗಳಲ್ಲಿ 40 ಇದಕ್ಕೇ ಮೀಸಲು, ಮೌಲ್ಯಮಾಪನ ಮಾಡುವವರು ಶಾಲೆಯ ಹೊರಗಿನವರು. ಮುಖ್ಯ ಭಾಗ 2500ರಿಂದ 4000 ಪದ. ಏನು ಬರೆಯಬೇಕೆಂದು ಮೇಷ್ಟ್ರು ಹೇಳುವುದಿಲ್ಲ. ಹದಿನೇಳರ ಹುಡುಗ ಹುಡುಗಿಯರು ಕಂಗಾಲಾಗುವುದು ಇಲ್ಲೇ.

ಸಿಡ್ನಿಯ ಕನ್ನಡದ ಮನೆಯೊಂದರ ಹುಡುಗಿ ಎಂದಿಟ್ಟುಕೊಳ್ಳಿ. ‘ವಲಸಿಗರು ಮತ್ತು ಭಾಷೆ’ ಎಂದು ಶುರು ಮಾಡುತ್ತಾಳೆ. ಅದು ಪಿಎಚ್‌.ಡಿ.ಗೂ ದೊಡ್ಡದಾಯಿತು. ‘ಸಿಡ್ನಿಯ ಕನ್ನಡಿಗರು’ ಎಂದು ಇಳಿಸಿದರೂ ಕೈಗೆ ಹಿಡಿ ಸಿಗುವುದಿಲ್ಲ. ಕಡೆಗೆ ಒಂದು ದಿನ ಹೊಳೆಯುತ್ತದೆ: ಅಮ್ಮ ಕನ್ನಡದಲ್ಲಿ ಕೇಳುತ್ತಾಳೆ, ನಾನು ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತೇನೆ, ಇಬ್ಬರಿಗೂ ಅದು ವಿಚಿತ್ರ ಅನ್ನಿಸುವುದೇ ಇಲ್ಲ. ಯಾಕೆ? ಪ್ರಶ್ನೆ ಅಂದರೆ ಇದು. ನನ್ನ ಲೆಕ್ಕದಲ್ಲಿ ಅರ್ಧ ಕೆಲಸ ಅಲ್ಲಿಗೇ ಮುಗಿಯಿತು.

ನಿಯಮ ಎರಡು ಕೊಂಡಿ ಹಾಕುತ್ತದೆ. ಯಾವುದು ಬದಲಾಯಿತು, ಯಾವುದು ಹಾಗೇ ಉಳಿಯಿತು ಎಂದು ನೋಡಬೇಕು. ಜೊತೆಗೆ, ತನ್ನದಲ್ಲದ ಇನ್ನೊಂದು ದೃಷ್ಟಿಗೆ ಹೋಲಿಸಬೇಕು. ಹೋಲಿಕೆಗೆ ಬೇರೆ ದೇಶವೇ ಬೇಕೆಂದಿಲ್ಲ. ಬೇರೆ ತಲೆಮಾರು, ಬೇರೆ ಲಿಂಗ, ಬೇರೆ ವರ್ಗವೂ ಆಗುತ್ತದೆ. ಹಾಗಾಗಿ ಅಮ್ಮ, ಮಗಳು, ರಜೆಗೆ ಬಂದ ಅಜ್ಜಿ, ಮೂವರೂ ಒಂದೇ ಮನೆಯಲ್ಲಿದ್ದರೂ ಹೋಲಿಕೆಗೆ ಸಾಮಗ್ರಿ ಸಿಕ್ಕಿತು.

ಇನ್ನು ಕೇಳುವ ಬಗೆ. ‘ನಿಮಗೆ ಕನ್ನಡ ಇಷ್ಟವೇ?’ ಎಂದು ಐವತ್ತು ಜನರಿಗೆ ಗೂಗಲ್ ಫಾರ್ಮ್ ಕಳಿಸಿ ನೋಡಿ, ಬಹುತೇಕ ಎಲ್ಲರೂ ಹೌದು ಅನ್ನುತ್ತಾರೆ. ಅದನ್ನು ಬಣ್ಣದ ಪೈ ಚಾರ್ಟ್ ಮಾಡಿದರೆ ಪುಟ ತುಂಬುತ್ತದೆ, ತಿಳಿದದ್ದು ಸೊನ್ನೆ. ‘ನಿನ್ನೆ ರಾತ್ರಿ ಊಟಕ್ಕೆ ಕೂತಾಗ ಯಾರಿಗೆ ಯಾವ ಭಾಷೆಯಲ್ಲಿ ಏನು ಹೇಳಿದಿರಿ?’ ಎಂದು ಕೇಳಿದರೆ ಜನ ಒಂದು ಕ್ಷಣ ತಡೆಯುತ್ತಾರೆ, ಆಮೇಲೆ ಬಾಯಿ ಬಿಡುತ್ತಾರೆ. ‘ಬೈಯುವಾಗ ಮಾತ್ರ ಕನ್ನಡ’ ಅನ್ನುವಂಥ ಮಾತು ಹೊರಬೀಳುವುದು ಆಗ. ಪ್ರಶ್ನಾವಳಿ ಎಷ್ಟು ಮಂದಿ ಎಂದು ಹೇಳುತ್ತದೆ, ಸಂದರ್ಶನ ಯಾಕೆ ಎಂದು ಹೇಳುತ್ತದೆ. ಒಂದರ ಕೆಲಸ ಇನ್ನೊಂದರಿಂದ ಮಾಡಿಸಲು ಹೋದರೆ ಎರಡೂ ಕೆಡುತ್ತವೆ.

ಮಾತಾಡಿಸುವ ಮುಂಚೆ ಒಪ್ಪಿಗೆ ಬೇಕು, ಹೆಸರು ಮರೆಮಾಚಬೇಕು. ಸ್ವಂತ ಅಜ್ಜಿಗೂ ‘ಇದನ್ನು ಬರೆಯಲೇ?’ ಎಂದು ಕೇಳಬೇಕಾಗುತ್ತದೆ. ಅಜ್ಜಿ ನಗಬಹುದು. ಆದರೆ ಸೊಸೆಯ ಬಗ್ಗೆ ಆಡಿದ ಒಂದು ಮಾತನ್ನು ‘ಅದೊಂದು ಬಿಡು’ ಎಂದು ಅಳಿಸಿಸಲೂಬಹುದು. ಅಳಿಸಲೇಬೇಕು.

ಇದೆಲ್ಲದರ ಜೊತೆಗೆ ‘ಲಾಗ್’ ಎಂಬುದೊಂದಿದೆ: ಕೆಲಸ ಹೇಗೆ ಸಾಗಿತು, ಎಲ್ಲಿ ಎಡವಿದೆ, ಯಾಕೆ ದಾರಿ ಬದಲಿಸಿದೆ ಎಂಬುದರ ಬರಹ, 500 ಪದ ಮೀರದಂತೆ. ಹೆಚ್ಚಿನವರು ಇದನ್ನು ಕೊನೇ ವಾರ ಕೂತು ಕಲ್ಪಿಸಿ ಬರೆಯಲು ನೋಡುತ್ತಾರೆ. ಓದುವವರಿಗೆ ಅದು ಗೊತ್ತಾಗಿಬಿಡುತ್ತದೆ, ಏಕೆಂದರೆ ಕಲ್ಪಿತ ಲಾಗಿನಲ್ಲಿ ಎಲ್ಲವೂ ಸಲೀಸು. ನಿಜವಾದದ್ದರಲ್ಲಿ ರೆಕಾರ್ಡರ್ ಕೈಕೊಟ್ಟಿರುತ್ತದೆ, ಒಪ್ಪಿದವರು ಬಂದಿರುವುದಿಲ್ಲ.

ನಿಜವಾದ ಲಾಗಿಗೆ ಆಗಾಗ ಬರೆದಿಟ್ಟ ಟಿಪ್ಪಣಿ ಬೇಕು. ಟಿಪ್ಪಣಿ ಎಂದಾಗ ಮೈಸೂರಿನ ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ ನೆನಪಾಗುತ್ತಾರೆ. ಅವರು 1948ರಲ್ಲಿ ಮೈಸೂರಿನ ಹತ್ತಿರದ ಹಳ್ಳಿಯೊಂದರಲ್ಲಿ ಉಳಿದು ಅಧ್ಯಯನ ಮಾಡಿದರು, ಅದನ್ನು ರಾಮಪುರ ಎಂದು ಕರೆದರು. ಪರಿಷ್ಕರಿಸಿಟ್ಟ ಟಿಪ್ಪಣಿಗಳು 1970ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಕಿಡಿಗೇಡಿಗಳು ಇಟ್ಟ ಬೆಂಕಿಗೆ ಆಹುತಿಯಾದವು. ನೆನಪನ್ನೇ ನೆಚ್ಚಿ ಅವರು ಬರೆದ ‘ದಿ ರಿಮೆಂಬರ್ಡ್ ವಿಲೇಜ್’ 1976ರಲ್ಲಿ ಬಂತು. ಹಳ್ಳಿಯಲ್ಲೇ ಉಳಿದು ನೋಡಿದ್ದವರಿಗೆ ಅದು ಸಾಧ್ಯವಾಯಿತು. ಒಂಬತ್ತು ತಿಂಗಳ ಪಿಪ್‌ಗೆ ನೋಟ್‌ಬುಕ್ಕೇ ಗತಿ. ಅದಕ್ಕಿಂತ ಮುಖ್ಯವಾದದ್ದು, ಅವರು ಕೂಡ ತಮಗೆ ಭಾಷೆ ಗೊತ್ತಿದ್ದ, ತಮ್ಮ ಹಿರಿಯರ ಸೀಮೆಯನ್ನೇ ಹೊರಗಿನವರ ಕಣ್ಣಲ್ಲಿ ನೋಡಬೇಕಾಯಿತು ಎಂಬುದು.

ಆ ಹುಡುಗಿಯ ಪಾಡೂ ಅದೇ. ‘ನಮ್ಮ ಪೀಳಿಗೆ ಭಾಷೆ ಮರೆಯುತ್ತಿದೆ’ ಎಂಬ ವಾಕ್ಯವನ್ನು ಅವಳು ಮೊದಲ ದಿನವೇ ಬರೆದಿಟ್ಟಿರುತ್ತಾಳೆ. ಜೂನ್ ಹೊತ್ತಿಗೆ ಸಂದರ್ಶನಗಳನ್ನು ಮತ್ತೆ ಕೇಳಿಸಿಕೊಂಡರೆ ಬೇರೆಯೇ ಕಾಣುತ್ತದೆ: ಇಂಗ್ಲಿಷಿಗೆ ಮೊದಲು ತಿರುಗಿದವಳು ಅಮ್ಮನೇ, ಮಗಳು ಬಾಲವಾಡಿಯಿಂದ ಅಳುತ್ತ ಬಂದ ದಿನ. ಮೊದಲ ದಿನದ ವಾಕ್ಯವನ್ನು ಈಗ ಹೊಡೆದುಹಾಕಬೇಕು, ಯಾಕೆ ಹೊಡೆದೆ ಎಂಬುದನ್ನು ಲಾಗಿನಲ್ಲಿ ಬರೆಯಬೇಕು.