ಮಲೆನಾಡಿನ ಗಾಂಜಾ ಗಿಡಕ್ಕೆ ಮೆಕ್ಸಿಕೋದ ಪಾಠ

ಶೃಂಗೇರಿ, ಕೊಪ್ಪ, ನರಸಿಂಹರಾಜಪುರದ ಅಡಿಕೆ ತೋಟಗಳನ್ನು ಹಳದಿ ಎಲೆ ರೋಗ ದಶಕಗಳಿಂದ ಹಿಂಡುತ್ತಿದೆ. ಈಚೆಗೆ ಎಲೆಚುಕ್ಕಿ ರೋಗವೂ ಸೇರಿಕೊಂಡಿದೆ. ಈ ನಷ್ಟದ ನಡುವೆ, ಶುಂಠಿಯ ನಡುವೆಯೋ ಮೆಕ್ಕೆಜೋಳದ ಮರೆಯಲ್ಲೋ ಗಾಂಜಾ ಬೆಳೆದು ಸಿಕ್ಕಿಬಿದ್ದವರ ಸುದ್ದಿ ಮಲೆನಾಡಿಗೆ ಹೊಸದೇನಲ್ಲ. ಮಾದಕ ವಸ್ತುಗಳ ನಿಯಂತ್ರಣಕ್ಕಿರುವ 1985ರ ಎನ್‌ಡಿಪಿಎಸ್ ಕಾಯ್ದೆಯ 20ನೇ ಕಲಂ ಪ್ರಕಾರ ಗಿಡ ಬೆಳೆಸಿದ್ದಕ್ಕೇ 10 ವರ್ಷದವರೆಗೆ ಕಠಿಣ ಸಜೆ, 1 ಲಕ್ಷ ರೂಪಾಯಿವರೆಗೆ ದಂಡ. ಹಿತ್ತಲಲ್ಲಿ ನಾಲ್ಕು ಗಿಡ ಇಟ್ಟವನಿಗೂ ಎಕರೆಗಟ್ಟಲೆ ಬೆಳೆದವನಿಗೂ ಕಲಂ ಒಂದೇ.

ದೊಡ್ಡ ದಂಧೆ ಇರುವುದು ಬೇರೆ ಕಡೆ. 2020ರ ಸೆಪ್ಟೆಂಬರಿನಲ್ಲಿ ಬೆಂಗಳೂರು ಪೊಲೀಸರು ಕಲಬುರಗಿ ಜಿಲ್ಲೆಯ ಕುರಿ ಫಾರಂ ಒಂದರ ನೆಲ ಅಗೆದಾಗ ಸಿಕ್ಕಿದ್ದು ಸುಮಾರು 1,350 ಕೆ.ಜಿ. ಗಾಂಜಾ. ಅದು ಬಂದದ್ದು ಒಡಿಶಾದಿಂದ. ಆಂಧ್ರ–ಒಡಿಶಾ ಗಡಿಯ ಕಾಡುಗಳಿಂದ ಹೊರಡುವ ಸರಕು ಎಷ್ಟೆಂದರೆ, 2022ರ ಫೆಬ್ರುವರಿಯಲ್ಲಿ ಆಂಧ್ರ ಪೊಲೀಸರು ಒಂದೇ ಕಡೆ ರಾಶಿ ಹಾಕಿ ಸುಟ್ಟದ್ದು ಸುಮಾರು 2 ಲಕ್ಷ ಕೆ.ಜಿ.

ಗಾಂಜಾವನ್ನು ಕಾನೂನುಬದ್ಧ ಮಾಡಿಬಿಟ್ಟರೆ ಈ ಜಾಲದ ಬೆನ್ನು ಮುರಿಯುತ್ತದೆ ಎನ್ನುವವರು ಅಮೆರಿಕದತ್ತ ಬೊಟ್ಟು ಮಾಡುತ್ತಾರೆ. ಅವರ ಮಾತಿನಲ್ಲಿ ಹುರುಳಿದೆ. ಕೊಲೊರಾಡೊದಲ್ಲಿ 2014ರಲ್ಲಿ ಅಂಗಡಿ ಮಾರಾಟ ಶುರುವಾಯಿತು, ಕ್ಯಾಲಿಫೋರ್ನಿಯಾದಲ್ಲಿ 2018ರಲ್ಲಿ. ಅಮೆರಿಕದ ಗಡಿ ಗಸ್ತು ಪಡೆ 2013ರಲ್ಲಿ ಹಿಡಿದ ಗಾಂಜಾ ಸುಮಾರು 11 ಲಕ್ಷ ಕೆ.ಜಿ.; 2018ರ ಹೊತ್ತಿಗೆ ಅದು 2 ಲಕ್ಷದ ಆಸುಪಾಸಿಗೆ ಇಳಿಯಿತು. ವೈದ್ಯಕೀಯ ಬಳಕೆಗೆ ಅನುಮತಿ ಕೊಟ್ಟ ಮೆಕ್ಸಿಕೋ ಗಡಿಯ ರಾಜ್ಯಗಳಲ್ಲಿ ಹಿಂಸಾಪರಾಧ ಶೇ 13ರಷ್ಟು ತಗ್ಗಿತೆಂದು 2019ರಲ್ಲಿ ಪ್ರಕಟವಾದ ಅರ್ಥಶಾಸ್ತ್ರಜ್ಞರ ಅಧ್ಯಯನವೊಂದು ಹೇಳಿತು.

ಗಡಿಯ ಆಚೆ ಆದದ್ದೇ ಬೇರೆ. ಮೆಕ್ಸಿಕೋದ ಗ್ಯಾಂಗುಗಳು ಗಾಂಜಾದ ಲಾಭ ಕರಗುತ್ತಿದ್ದಂತೆ ರಾಸಾಯನಿಕ ಮಾದಕಗಳಾದ ಮೆತ್, ಫೆಂಟನಿಲ್‌ಗೆ ಹೊರಳಿದವು, ಬೆಣ್ಣೆಹಣ್ಣು ಬೆಳೆಯುವ ರೈತರಿಂದಲೂ ಹಫ್ತಾ ಕೀಳತೊಡಗಿದವು. 2018ರಿಂದ 2022ರವರೆಗೆ ಅಲ್ಲಿ ಪ್ರತಿವರ್ಷ 30 ಸಾವಿರಕ್ಕೂ ಹೆಚ್ಚು ಕೊಲೆಗಳಾದವು.

ನಮಗೆ ಇನ್ನೂ ಹತ್ತಿರದ ಎಚ್ಚರಿಕೆ ಥಾಯ್ಲೆಂಡಿನದು. 2022ರ ಜೂನ್‌ನಲ್ಲಿ ಅದು ಬಿಗಿಯಾದ ನಿಯಮಗಳಿಲ್ಲದೆ ಗಾಂಜಾವನ್ನು ನಿಷೇಧಿತ ಪಟ್ಟಿಯಿಂದ ತೆಗೆಯಿತು. ಬ್ಯಾಂಕಾಕ್‌ನಿಂದ ಬಂದಿಳಿದವರ ಸೂಟ್‌ಕೇಸುಗಳಲ್ಲಿ ಹೈಡ್ರೋ ಗಾಂಜಾ (ಮಣ್ಣಿಲ್ಲದೆ ನೀರಿನಲ್ಲಿ ಬೆಳೆಸಿದ್ದು) ಬೆಂಗಳೂರಿನ ಕೆಂಪೇಗೌಡ ವಿಮಾನ ನಿಲ್ದಾಣದಲ್ಲಿ ಮತ್ತೆ ಮತ್ತೆ ಸಿಗತೊಡಗಿತು. ಒಂದು ದೇಶ ಬಾಗಿಲು ತೆರೆದು ಪಕ್ಕದ ದೇಶ ಮುಚ್ಚಿಕೊಂಡರೆ, ನಡುವಿನ ಲಾಭವೆಲ್ಲ ಕಳ್ಳಸಾಗಣೆದಾರನಿಗೆ. ಕೊನೆಗೆ 2025ರ ಜೂನ್‌ನಲ್ಲಿ ಥಾಯ್ಲೆಂಡ್ ವೈದ್ಯರ ಚೀಟಿ ಕಡ್ಡಾಯ ಮಾಡಿತು.

ಹಾಗಾಗಿ ಕರ್ನಾಟಕದಲ್ಲಿ ಮತ್ತಿನ ಗಾಂಜಾವನ್ನು ಅಂಗಡಿಗೆ ತರುವ ಮಾತು ಸದ್ಯಕ್ಕೆ ಬೇಡ. ಆದರೆ ಅದೇ 1985ರ ಕಾಯ್ದೆಯ 14ನೇ ಕಲಂ ನಾರು, ಬೀಜಕ್ಕಾಗಿ ಸೆಣಬಿನಂತೆ ಗಾಂಜಾ ಗಿಡ ಬೆಳೆಯಲು ಅನುಮತಿ ನೀಡುವ ಅಧಿಕಾರವನ್ನು ಸರ್ಕಾರಕ್ಕೆ ಕೊಡುತ್ತದೆ. ಉತ್ತರಾಖಂಡ 2018ರಲ್ಲೇ ಪರವಾನಗಿ ಕೊಟ್ಟಿತು, ಹಿಮಾಚಲವೂ ಆ ದಾರಿ ಹಿಡಿದಿದೆ. ಮಲೆನಾಡಿನ ಹವೆಗೆ ಇದು ಒಗ್ಗುತ್ತದೆಯೇ ಎಂದು ರಾಜ್ಯ ಸರ್ಕಾರ ಪ್ರಾಯೋಗಿಕವಾಗಿ ನೋಡಲಿ. ಅಡಿಕೆ ಕಳೆದುಕೊಂಡವರಿಗೆ ಪರ್ಯಾಯ ಬೆಳೆಗೆ ನೆರವು ಕೊಡಲಿ. ಪೊಲೀಸರ ತನಿಖೆಯೂ ಗಿಡ ಕಿತ್ತು, ಬೆಳೆದವನನ್ನು ಜೈಲಿಗೆ ಕಳಿಸುವಲ್ಲಿಗೆ ನಿಲ್ಲದೆ, ಹಣ ಹೂಡಿದವನ ಮನೆ ಬಾಗಿಲವರೆಗೆ ಹೋಗಲಿ.